ಏಳೋ ಹನ್ನೆರಡೋ

ಆ ದಿನದ ಗೋಳಿಗೆಲ್ಲ ಮೂಲ ಅಂಗೈಯಗಲದ ಒಂದು ಚೀಟಿ. ಕೊಟ್ಟವರು ಶಾಲೆಯ ಗಣಿತದ ಮೇಡಂ, ಇಸಕೊಂಡವನು ಬೋರ್ಡು ಬರೆಯುವ ಹಲ್ಲಿ.

ಹಲ್ಲಿ ಅವನ ಸ್ವಂತ ಹೆಸರಲ್ಲ. ಮೂರು ವರ್ಷದ ಹಿಂದೆ ದಂತವೈದ್ಯರೊಬ್ಬರಿಗೆ ‘ಹಲ್ಲಿನ ಆಸ್ಪತ್ರೆ’ ಎಂದು ಬರೆಯಬೇಕಾದಲ್ಲಿ ‘ಹಲ್ಲಿಯ ಆಸ್ಪತ್ರೆ’ ಎಂದು ಬರೆದಿದ್ದ. ಬೋರ್ಡು ಮಾರನೇ ದಿನವೇ ಇಳಿಯಿತು, ಹೆಸರು ಮಾತ್ರ ಇಳಿಯಲಿಲ್ಲ.

“ಮೈದಾನದ ಗೋಡೆ ಮೇಲೆ ಇದನ್ನ ದೊಡ್ಡದಾಗಿ ಬರೀರಿ. ಇದ್ದ ಹಾಗೇ ಬರೀರಿ. ನಾಲ್ಕು ಗಂಟೆಗೆ ಬರ್ತೀನಿ,” ಎಂದು ಮೇಡಂ ಯಾವುದೋ ತರಬೇತಿಗೆ ಹೊರಟುಹೋದರು.

ಪಕ್ಕದಲ್ಲಿದ್ದ ಹೆಡ್ಮಾಸ್ತರು ಕನ್ನಡಕದ ಮೇಲಿನಿಂದ ನೋಡಿದರು. “ಇದೊಂದು ಗೋಡೆ ತಪ್ಪಿಲ್ಲದೆ ಮುಗಿಸು, ಸುತ್ತಲಿನ ಕಾಂಪೌಂಡ್ ಗೋಡೆ ಬರೆಯೋ ಕೆಲಸವೆಲ್ಲ ನಿನಗೇ. ಹಲ್ಲಿ ಕತೆ ನಂಗೂ ಗೊತ್ತಿದೆ.”

ಚೀಟಿಯಲ್ಲಿ ಇದ್ದದ್ದು ಮೂರು ಸಾಲು:

a³ × a⁴ = a¹²

√9 + √16 = √25

(2x)³ = 2x³

ಹಲ್ಲಿಗೆ ಇದೆಲ್ಲ ಇರುವೆ ಸಾಲಿದ್ದಂತೆ ಕಂಡಿತು. ಏಳನೇ ತರಗತಿಯಲ್ಲಿ ಗಣಿತದ ಪಾಠದ ಹೊತ್ತಿಗೆ ಮೇಷ್ಟ್ರ ಚಿತ್ರ ಬರೆದು ಹೊರಗೆ ನಿಂತವನು ಮತ್ತೆ ಒಳಗೆ ಹೋಗಿರಲಿಲ್ಲ. ಆದರೂ ಕೈ ಒಳ್ಳೆಯದು. ಹತ್ತು ಗಂಟೆಯೊಳಗೆ ಮೂರೂ ಸಾಲು ನೀಲಿ ಬಣ್ಣದಲ್ಲಿ ಹೊಳೆಯುತ್ತಿದ್ದವು.

ಅಷ್ಟರಲ್ಲಿ ಡ್ರಿಲ್ ಮಾಸ್ತರು ಬಂದರು. “ಇದೇನಯ್ಯಾ ಹನ್ನೆರಡು? ಏಳಲ್ವಾ?”

“ಚೀಟಿಯಲ್ಲಿ ಹನ್ನೆರಡೇ ಇದೆ ಸಾರ್.”

“ಮೇಡಂ ಅವಸರದಲ್ಲಿ ಬರೆದಿರ್ತಾರೆ. ಇಲ್ಲಿ ನೋಡು.” ಮಾಸ್ತರು ಕಡ್ಡಿಯಿಂದ ಮಣ್ಣಿನಲ್ಲಿ ಮೂರು a ಬರೆದು, ಪಕ್ಕದಲ್ಲೇ ಇನ್ನೂ ನಾಲ್ಕು ಬರೆದರು. “ಇವರು ಮೂರು ಜನ ಕೈ ಹಿಡ್ಕೊಂಡು ನಿಂತಿದ್ದಾರೆ. ಇವರು ನಾಲ್ಕು ಜನ. ಎಲ್ಲಾ ಸೇರಿ ಕೈ ಹಿಡ್ಕೊಂಡ್ರೆ ಸಾಲಲ್ಲಿ ಎಷ್ಟು ಜನ?”

“ಏಳು.”

“ಮತ್ತೆ ಹನ್ನೆರಡು ಎಲ್ಲಿಂದ ಬಂತು?”

ಉಳಿದ ಐದು ಜನ ಎಲ್ಲಾದರೂ ಕಾಣುತ್ತಾರೇನೋ ಎಂದು ಹಲ್ಲಿ ಮೈದಾನವನ್ನೆಲ್ಲ ಒಮ್ಮೆ ನೋಡಿದ. ಕಾಣಲಿಲ್ಲ. ಹನ್ನೆರಡನ್ನು ಒರೆಸಿ ಏಳು ಬರೆದ.

ಬಣ್ಣ ಆರುವ ಮೊದಲೇ ಕಚೇರಿಯ ಗುಮಾಸ್ತರು ಕಿಟಕಿಯಿಂದ ಕುತ್ತಿಗೆ ಚಾಚಿದರು. “ಯಾವನಯ್ಯಾ ಏಳು ಅಂದವನು? ನಡುವೆ ಗುಣಾಕಾರ ಇರೋದು ಕಣ್ಣಿಗೆ ಕಾಣಲ್ವಾ? ಮೂರ್ನಾಲ್ಕು ಹನ್ನೆರಡು. ಮಗ್ಗಿ ಬರೋ ಯಾವ ಮಗುವನ್ನಾದ್ರೂ ಕೇಳು.”

ಹಲ್ಲಿ ಮತ್ತೆ ಹನ್ನೆರಡು ಬರೆದ. ಡ್ರಿಲ್ ಮಾಸ್ತರು ಸೀಟಿ ಊದಿಕೊಂಡು ಓಡಿಬಂದರು. ಗುಮಾಸ್ತರು ಹೊರಗಿಳಿದರು. ಇಬ್ಬರೂ ಏಣಿಯ ಒಂದೊಂದು ಕಾಲು ಹಿಡಿದು ವಾದಕ್ಕೆ ನಿಂತರು. ಮಾಸ್ತರ ದನಿ ಏರಿದಾಗ ಏಣಿ ಎಡಕ್ಕೆ, ಗುಮಾಸ್ತರದು ಏರಿದಾಗ ಬಲಕ್ಕೆ. ಮೇಲೆ ಹಲ್ಲಿ ತನ್ನ ಹೆಸರಿಗೆ ತಕ್ಕಂತೆ ಗೋಡೆಗೆ ಅಂಟಿಕೊಂಡ. ನಾಲ್ಕು ಸಲ ತಿದ್ದಿದ ಮೇಲೆ ಆ ಜಾಗದ ಬಣ್ಣ ಹಳೇ ಗಾಯದ ಹಕ್ಕಳೆಯಷ್ಟು ದಪ್ಪವಾಗಿತ್ತು.

“a ಬದಲು ಎರಡು ಹಾಕಿ ನೋಡ್ರೀ,” ಎಂದರು ಮಾಸ್ತರು. “ಎಂಟು ಇಂಟು ಹದಿನಾರು. ಎಷ್ಟಾಯ್ತು?”

“ನೂರಿಪ್ಪತ್ತೆಂಟು.”

“ಈಗ ಎರಡನ್ನ ಏಳು ಸಲ ಗುಣಿಸಿ.”

ಗುಮಾಸ್ತರು ಬೆರಳು ಮಡಿಚುತ್ತಾ ಹೋದರು. ಏಳನೆಯ ಬೆರಳಿಗೆ ಮುಖ ಸಪ್ಪಗಾಯಿತು. ಸೋತು ಸುಮ್ಮನೆ ಹೋಗುವ ಜಾತಿಯಲ್ಲ ಅದು. ಗೋಡೆಯನ್ನೇ ದಿಟ್ಟಿಸಿ, “ಅದಿರಲಿ, ಎರಡನೇ ಸಾಲು ಯಾರ ತಲೆ? ಒಂಬತ್ತರ ವರ್ಗಮೂಲ ಮೂರು, ಹದಿನಾರರದ್ದು ನಾಲ್ಕು. ಕೂಡಿದ್ರೆ ಏಳು. ಇಪ್ಪತ್ತೈದರದ್ದು ಬರೀ ಐದು. ಇನ್ನೆರಡನ್ನ ಯಾರು ನುಂಗಿದ್ರು?” ಎಂದರು.

“ನಾನಲ್ಲ ಸಾರ್,” ಎಂದ ಹಲ್ಲಿ.

“ಈ ವರ್ಗಮೂಲದ ಗುರುತು ಕೊಡೆ ಇದ್ದ ಹಾಗೆ,” ಎಂದರು ಗುಮಾಸ್ತರು. “ಒಬ್ಬೊಬ್ಬರು ಒಂದೊಂದು ಹಿಡ್ಕೊಂಡಿದ್ದಾರೆ. ಎರಡು ಕೊಡೆ ಹೊಲಿದು ಒಂದು ಮಾಡೋಕಾಗುತ್ತಾ? ಏಳು ಅಂತ ಬರಿ.”

ಈ ಮಾತಿಗೆ ಮಾಸ್ತರೂ ತಲೆಯಾಡಿಸಿದರು. ಅವರಿಬ್ಬರು ಒಪ್ಪಿದ್ದೇ ಹಲ್ಲಿಗೆ ಹೆಚ್ಚು ಭಯ ಹುಟ್ಟಿಸಿತು. ಮೇಲೂ ಏಳು, ಕೆಳಗೂ ಏಳು. ಯಾವುದು ದೊಡ್ಡದು, ಯಾವುದು ಪುಟ್ಟದು ಎಂದು ತಿಳಿಯದೆ ಕೆಳಗಿನ ಏಳನ್ನೂ ಪುಟ್ಟದಾಗಿ ಬರೆದು, ಏನೂ ಇಲ್ಲದ ಜಾಗದ ನೆತ್ತಿಯ ಮೇಲೆ ಕೂರಿಸಿದ. ಅದನ್ನು ಇಳಿಸಿ ಸರಿ ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು.

ಹೆಂಡತಿ ಊಟದ ಡಬ್ಬಿ ತಂದಳು. ನೆರಳಲ್ಲಿ ಕೂತು ಗೋಡೆ ಓದಿದಳು. “ರೀ, ಕೊನೇದು ತಪ್ಪಲ್ವಾ?”

ಹಲ್ಲಿ ಬಾಯಿಗಿಟ್ಟ ತುತ್ತನ್ನು ಅಗಿಯದೆ ಅವಳನ್ನೇ ನೋಡಿದ.

“ಮೂರು ಇರೋದು ಬ್ರಾಕೆಟ್ಟಿನ ಹೊರಗೆ. ಅದು ಒಳಗಿರೋರಿಗೆಲ್ಲ ಸೇರುತ್ತೆ. ಮನೆಗೆ ನೆಗಡಿ ಬಂದ್ರೆ ನಿಮಗೊಬ್ಬರಿಗೇ ಬರುತ್ತಾ? ಎರಡಕ್ಕೂ ಹತ್ತಬೇಕು. ಎಂಟು ಅಂತ ಬರೀರಿ.”

“ಎರಡು ಮೂರು ಆರಲ್ವೇನೇ?”

“ಎರಡನ್ನ ಎರಡರಿಂದ, ಮತ್ತೆ ಎರಡರಿಂದ. ಎಂಟು.”

ಇಷ್ಟೆಲ್ಲ ಲೆಕ್ಕ ಬರುವವಳು ತನ್ನನ್ನು ಯಾವ ಲೆಕ್ಕದಲ್ಲಿ ಮದುವೆಯಾದಳೋ ಎಂದು ಯೋಚಿಸುತ್ತಲೇ ಅವನು ಎಂಟು ಬರೆದ. ಮಾಸ್ತರು, ಗುಮಾಸ್ತರು ಬಂದು ನೋಡಿ ಶಹಬ್ಬಾಸ್ ಎಂದರು. ಈಗ ಒಂದೂ ತಪ್ಪಿಲ್ಲ ಎಂದು ಮೂವರೂ ಆಣೆ ಮಾಡಿ ಹೇಳಿದರು. ಹಲ್ಲಿಗೆ ಉದ್ದ ಕಾಂಪೌಂಡು ಕಣ್ಣ ಮುಂದೆ ಹಾಸಿಕೊಂಡಿತು. ಮೇಡಂ ಮೆಚ್ಚುವುದನ್ನು ನೋಡಲು ಮೂವರೂ ಅಲ್ಲೇ ಕಾದರು.

ನಾಲ್ಕಕ್ಕೆ ಮೇಡಂ ಹೆಡ್ಮಾಸ್ತರ ಜೊತೆ ಬಂದರು. ಮೇಡಂ ಗೋಡೆಯ ಮುಂದೆ ನಿಂತು ಮೂರೂ ಸಾಲನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

“ಇದನ್ನ ತಿದ್ದಿದ್ದು ಯಾರು?”

“ನಾನೇ ಮೇಡಂ. ಮೂರೂ ತಪ್ಪಿತ್ತು,” ಎಂದ ಹಲ್ಲಿ, ಎದೆ ಸ್ವಲ್ಪ ಮುಂದೆ ಮಾಡಿ.

ಮೇಡಂ ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದರು. “ಶೀರ್ಷಿಕೆ ಕೊಡೋದು ಬೆಳಗ್ಗೆ ಮರೆತೇಹೋಗಿತ್ತು.” ಅದರಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಈ ಮೂರೂ ಯಾಕೆ ತಪ್ಪು? ಹೇಳಿ, ಬಹುಮಾನ ಗೆಲ್ಲಿ.’ ಸ್ಪರ್ಧೆ ನಾಳೆ ಬೆಳಗ್ಗೆ.

ಗುಮಾಸ್ತರಿಗೆ ಕಚೇರಿಯಲ್ಲಿ ಫೋನು ಕೇಳಿಸಿತು. ಡ್ರಿಲ್ ಮಾಸ್ತರು ಖಾಲಿ ಮೈದಾನದ ಕಡೆಗೆ ಸೀಟಿ ಊದುತ್ತಾ ಓಡಿದರು. ಹೆಂಡತಿ ಡಬ್ಬಿ ಎತ್ತಿಕೊಂಡು, “ಬೇಗ ಬನ್ನಿ,” ಎಂದು ನಡೆದಳು.

“ಒಂದು ತಪ್ಪು ಮಾಡಿದ್ರೆ ಹೇಗೋ ಸಹಿಸ್ಕೋಬಹುದಿತ್ತು,” ಎಂದರು ಹೆಡ್ಮಾಸ್ತರು. “ನೀನು ಮೂರನ್ನೂ ಸರಿ ಮಾಡಿಟ್ಟಿದ್ದೀಯ. ಯಾವ ಧೈರ್ಯದ ಮೇಲೆ ಕಾಂಪೌಂಡು ಕೊಡಲಿ?”

ಹಲ್ಲಿ ಏಣಿ ಹತ್ತಿದ. ಕುಂಚ ಅದ್ದಿ, ಏಳರ ಮುಂದೆ ಹಿಡಿದು, ಹಾಗೇ ನಿಂತ.

“ಮೇಡಂ, ಮೂರು ಜನ, ನಾಲ್ಕು ಜನ, ಒಟ್ಟು ಏಳೇ ಅಲ್ವಾ?”

“ಏಳೇ.”

“ಹಾಗಾದ್ರೆ ಹನ್ನೆರಡು ಬರೆಯಲಾ?”

“ಹೂಂ, ಬರೀರಿ.”

ಬೆಳಗ್ಗೆ ಒಂದೇ ಏಟಿಗೆ ಬರೆದಿದ್ದ ಅಂಕಿ ಈಗ ಕೈಗೆ ಬರಲಿಲ್ಲ. ಬಣ್ಣ ತೊಟ್ಟಿಕ್ಕಿ ಮೊಣಕೈವರೆಗೆ ಇಳಿಯಿತು.

“ಮತ್ತೇನಪ್ಪಾ?” ಎಂದರು ಮೇಡಂ.

“ತಪ್ಪಾಗುತ್ತಲ್ಲ ಮೇಡಂ,” ಎಂದ ಹಲ್ಲಿ.