ಮಾವನ ಕಾರಿಗೆ ಹೊಸ ಚಿಪ್ಪು

"ಕಾರು ಬದಲಾಯಿಸೋದು ಹೇಡಿಗಳ ಕೆಲಸ. ನಾನು ಕಾರಿನ ಬುದ್ಧಿಯನ್ನೇ ಬದಲಾಯಿಸ್ತೇನೆ!"

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಗುಣಪಾಲ ಹೀಗೆ ಪ್ರತಿಜ್ಞೆ ಮಾಡಿದ್ದು ಕೆಳಗೆ ಕಾಂಪೌಂಡಿನಲ್ಲಿದ್ದ ಕಾರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಅವತ್ತೇ ಎಲ್ಲಿಗಾದರೂ ಓಡಿಹೋಗುತ್ತಿತ್ತು. ಆಗಿನ್ನೂ ಅದಕ್ಕೆ ಓಡುವ ಶಕ್ತಿಯಿತ್ತು.

ಹೆಂಡತಿ ಜಯಲತಾ ಬಟ್ಟೆ ಹಿಂಡುತ್ತಾ, "ಮೊದಲು ನಿಮ್ಮದು ಬದಲಾಯಿಸಿಕೊಳ್ಳಿ ಮಾರಾಯ್ರೆ, ಅದೂ ಹಳೇ ಮಾಡೆಲ್ಲೇ" ಎಂದಳು.

ಕಾರು ಅವಳ ಅಪ್ಪನದು. ಪೂವಪ್ಪನವರು ಥಾಣೆಯ ನೌಪಾಡಾದಲ್ಲಿ ಹೋಟೆಲು ನಡೆಸಿ ಎರಡು ಸಾವಿರನೇ ಇಸವಿಯಲ್ಲಿ ಕೊಂಡದ್ದು. ಮಂಡಿನೋವು ಶುರುವಾದ ಮೇಲೆ ಹೋಟೆಲು ಬೇರೆಯವರಿಗೆ ಬಿಟ್ಟು, ಹೆಂಡತಿ ಅಪ್ಪಿಯೊಡನೆ ಮಗಳ ಮನೆಗೆ ಬಂದರು. ಬಂದ ದಿನವೇ ಕೀಲಿಕೈಯನ್ನು ಅಳಿಯನ ಅಂಗೈಯಲ್ಲಿಟ್ಟು, "ನನ್ನ ಮಗಳನ್ನು ನೋಡಿಕೊಂಡ ಹಾಗೆ ಇದನ್ನೂ ನೋಡಿಕೊಳ್ಳಿ" ಎಂದಿದ್ದರು. ಒಳಗಿನಿಂದ ಮಗಳು, "ಅದಕ್ಕಿಂತ ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಲಿ ಅಪ್ಪಾ!" ಎಂದು ಕೂಗಿದ್ದಳು.

ಈಗ 2012. ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಗುಣಪಾಲನ ರಕ್ತದೊತ್ತಡವೂ ಜೊತೆಗೇ ಏರುತ್ತಿತ್ತು. ಅವನು ಎಂಐಡಿಸಿಯ ಒಂದು ಪಂಪ್ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದ. ಯಾರ ಹತ್ತಿರವೂ ಚೌಕಾಸಿ ಮಾಡದೆ ಬಿಟ್ಟವನಲ್ಲ. ಆದರೆ ಪೆಟ್ರೋಲ್ ಪಂಪಿನವನ ಹತ್ತಿರ ಚೌಕಾಸಿ ನಡೆಯುವುದಿಲ್ಲವಲ್ಲ! ಆಗ ದಾರಿ ತೋರಿಸಿದವನು ಅದೇ ಕಾರ್ಖಾನೆಯ ಪುಂಡರೀಕಾಕ್ಷ. ಇಂಟರ್ನೆಟ್ಟಿನಲ್ಲಿ ಓದಿದ್ದೆಲ್ಲ ವೇದವಾಕ್ಯವೆಂದು ನಂಬುವ ಉತ್ಸಾಹಿ.

"ಇಂಜಿನ್‌ಗೆ ಒಂದು ಕಂಪ್ಯೂಟರ್ ಉಂಟು ಗುಣಪಾಲ. ಅದರ ಹೆಸರು ಇಸಿಯು. ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಅದೇ ಲೆಕ್ಕ ಹಾಕೋದು. ಕಂಪನಿಯವರು ಧಾರಾಳ ಕೈಯಿಂದ ಬರೆದಿಟ್ಟಿರ್ತಾರೆ. ಒಳಗಿನ ಚಿಪ್ಪು ತೆಗೆದು, ಜಿಪುಣತನದಿಂದ ಬರೆದ ಹೊಸ ಚಿಪ್ಪು ಹಾಕಿದ್ರೆ ಆಯ್ತು. ಗಾಡಿ ಪೆಟ್ರೋಲ್ ಕುಡಿಯೋದಿಲ್ಲ, ಬರೇ ಮೂಸಿ ನೋಡ್ತದೆ!"

ಜಿಪುಣತನ ಎಂಬ ಮಾತು ಗುಣಪಾಲನ ಹೃದಯಕ್ಕೆ ನಾಟಿತು. ಮುಂದಿನ ಭಾನುವಾರವೇ ಕಾರಿನ ಮುಂದಿನ ಸೀಟಿನಡಿಯಿಂದ ಆ ತಗಡಿನ ಡಬ್ಬಿಯನ್ನು ಬಿಚ್ಚಿ, ಪುಂಡರೀಕಾಕ್ಷ ಠಾಕುರ್ಲಿಯ ತನ್ನ ಮನೆಗೆ ಒಯ್ದ. ಕೆಲವು ದಿನಗಳ ನಂತರ ಹೊಸ ಚಿಪ್ಪಿನೊಂದಿಗೆ ಅದು ಮರಳಿ ಬಂತು.

"ಏನು ಹಾಕಿಸಿದ್ದು?" ಎಂದಳು ಜಯಲತಾ.

"ಚಿಪ್ಪು."

"ನಿಮ್ಮ ಕೈಗೆ ಚಿಪ್ಪು ಬರೋದು ಇವತ್ತಲ್ಲ ನಾಳೆ ಅಂತ ನನಗೆ ಗೊತ್ತೇ ಇತ್ತು!"

ಮೊದಲ ವಾರ ಗುಣಪಾಲ ನೆಲದ ಮೇಲೆ ನಡೆಯಲಿಲ್ಲ. ಪೆಟ್ರೋಲಿನ ಮುಳ್ಳು ಕೆಳಗಿಳಿಯಲು ನಾಚಿಕೊಳ್ಳುತ್ತಿತ್ತು. ಆದರೆ ಅದರ ಜೊತೆಗೆ ಕಾರೂ ಮುಂದೆ ಹೋಗಲು ನಾಚಿಕೊಳ್ಳುತ್ತಿತ್ತು ಎಂಬುದನ್ನು ಅವನು ಗಮನಿಸಲು ಸಿದ್ಧನಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಆಲೋಚಿಸಿ, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ನೂ ನಿಲ್ಲುತ್ತಿತ್ತು. ಕಲ್ಯಾಣದ ಸೇತುವೆ ಹತ್ತುವಾಗ ಒಬ್ಬ ರಿಕ್ಷಾವಾಲ ಪಕ್ಕಕ್ಕೆ ಬಂದು ಕನಿಕರದಿಂದ, "ಕಾಕಾ, ಧಕ್ಕಾ ದೇಊ ಕಾ?" ಎಂದು ತಳ್ಳಿಕೊಡಲು ಮುಂದಾದ.

"ರೀ, ಎಸಿ ಹಾಕ್ಲಾ?" ಜಯಲತಾ ಬೆವರು ಒರೆಸಿಕೊಂಡಳು.

"ಮುಟ್ಟಬೇಡ! ಎಸಿ ಹಾಕಿದ್ರೆ ಅದಕ್ಕೆ ಬೇಜಾರಾಗ್ತದೆ."

"ಗಾಡಿಯ ಬೇಜಾರು ಗೊತ್ತಾಗ್ತದೆ ನಿಮಗೆ!"

ಈ ನಡುವೆ ನವಿ ಮುಂಬಯಿಯ ನೆರೂಲಿನ ಒಂದು ಕನ್ನಡ ಸಂಘದವರು ಪೂವಪ್ಪನವರಿಗೆ ಸನ್ಮಾನವೆಂದು ಗೊತ್ತುಮಾಡಿದರು. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಎಷ್ಟೋ ಜನ ಅವರ ಹೋಟೆಲಿನಲ್ಲಿ ಉಂಡು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದಿದ್ದರು. ಪೂವಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ಶಾಲು ಹೊದೆಯುವವರು. ಜುಬ್ಬಾವನ್ನು ಮತ್ತೆಮತ್ತೆ ಇಸ್ತ್ರಿ ಮಾಡಿಸಿದರು. "ನನ್ನ ಕಾರಿನಲ್ಲೇ ಹೋಗುವುದು" ಎಂಬುದೊಂದೇ ಅವರ ಆಸೆ. ಅಪ್ಪಿಯತ್ತೆ ಮಾತ್ರ ಸುತಾರಾಂ ಒಪ್ಪಲಿಲ್ಲ. "ಆ ಗಾಡಿ ಕೆಮ್ಮುವುದು ಕೇಳಿದರೆ ನನಗೆ ಎದೆ ಹಾರ್ತದೆ" ಎಂದು ಮಗಳೊಡನೆ ಲೋಕಲ್ ಟ್ರೇನು ಹಿಡಿದು, ಥಾಣೆಯಲ್ಲಿ ಬದಲಿಸಿ, ಮೊದಲೇ ನೆರೂಲು ತಲುಪಿದರು.

ಮಾವ-ಅಳಿಯ ಶಿಳ್‌ಫಾಟಾ ದಾಟುವವರೆಗೆ ಎಲ್ಲ ಸುಖವಾಗಿಯೇ ಇತ್ತು. ಮಹಾಪೆಯ ಏರು ಬಂತು. ಕಾರು ಒಮ್ಮೆ ಬಿಕ್ಕಿತು. ಬಾನೆಟ್ಟಿನೊಳಗೆ 'ಫಟ್' ಎಂದಿತು. ಬಿಸಿಯ ಮುಳ್ಳು ಕೆಂಪಿಗೆ ಹೋಗಿ ಮಲಗಿತು. ಕಾರು ರಸ್ತೆಯ ಪಕ್ಕಕ್ಕೆ ಬಂದು ಮಲಗಿತು.

"ಏನಾಯ್ತು ಅಳಿಯಂದಿರೇ?"

"ಏನಿಲ್ಲ ಮಾವ, ಸ್ವಲ್ಪ ವಿಶ್ರಾಂತಿ."

"ನಿಮ್ಮ ಚಿಪ್ಪು ಬಂದ ಮೇಲೆ ಇದಕ್ಕೆ ವಿಶ್ರಾಂತಿಯೇ ಜಾಸ್ತಿಯಾಯ್ತು" ಎಂದು ಪೂವಪ್ಪನವರು ಇಳಿದು, ಜುಬ್ಬಾ ಮುದುಡದಂತೆ ಕಂಬದ ಹಾಗೆ ನಿಂತರು.

ಗುಣಪಾಲ ಜಯಲತಾಳ ಮೊಬೈಲಿಗೆ ಫೋನು ಮಾಡಿದ. ಅವಳು ವೇದಿಕೆಯ ಮೇಲೆ ಪ್ರಾರ್ಥನೆ ಹಾಡುವ ತಂಡದಲ್ಲಿದ್ದಳು. ಫೋನು ಅತ್ತೆಯ ಕೈಯಲ್ಲಿತ್ತು. ಆ ಕಡೆ ಮೈಕಿನ ಕೀರಲು, ಈ ಕಡೆ ಲಾರಿಗಳ ಹಾರ್ನು. ಗುಣಪಾಲ ಗಂಟಲು ಹರಿದುಕೊಂಡು ಕೂಗಿದ:

"ಅತ್ತೇ, ಗಾಬರಿ ಆಗಬೇಡಿ! ಇಸಿಯು... ಹೌದು, ಇಸಿಯು! ಮಾವ ನನ್ನ ಹತ್ತಿರವೇ ಇದ್ದಾರೆ. ಏರು ಹತ್ತುವಾಗ ಉಸಿರೇ ನಿಂತುಹೋಯ್ತು. ಈಗ ಮೈಯೆಲ್ಲ ಕೆಂಡ. ತಣ್ಣಗಾಗದೆ ಮುಟ್ಟುವ ಹಾಗಿಲ್ಲ. ಒಂದು ಟೆಂಪೋ ಸಿಕ್ಕಿದರೆ ಹಾಕಿಕೊಂಡು ಬರ್ತೇವೆ!"

ಅಷ್ಟರಲ್ಲಿ ಗುಡ್ಡದ ಮರೆಗೆ ನೆಟ್‌ವರ್ಕ್ ಹೋಯಿತು. ವಿಷಯ ತಿಳಿಸಿದ ನೆಮ್ಮದಿಯಲ್ಲಿ ಗುಣಪಾಲ ಫೋನನ್ನು ಕಿಸೆಗೆ ಹಾಕಿದ.

ಸುಮಾರು ಹೊತ್ತು ಕೈ ಅಡ್ಡ ಹಿಡಿದ ಮೇಲೆ, ವಾಶಿ ಮಾರ್ಕೆಟ್ಟಿಗೆ ಕೊತ್ತಂಬರಿ ಸೊಪ್ಪು ಒಯ್ಯುತ್ತಿದ್ದ ಟೆಂಪೋ ನಿಂತಿತು. ಕಾರನ್ನು ಪಂಕ್ಚರ್ ಅಂಗಡಿಯವನ ಸುಪರ್ದಿಗೆ ಬಿಟ್ಟು ಇಬ್ಬರೂ ಹತ್ತಿದರು. ಟೆಂಪೋದ ಗಡಗಡ ಸದ್ದಿನಲ್ಲಿ ಕಿಸೆಯ ಫೋನು ಬಡಿದುಕೊಂಡದ್ದು ಗುಣಪಾಲನಿಗೆ ಕೇಳಿಸಲಿಲ್ಲ. ನೆರೂಲಿನ ಸಭಾಗೃಹದ ಹಿಂಬಾಗಿಲಿಗೆ ಬಂದಾಗ ಪೂವಪ್ಪನವರ ಜುಬ್ಬಾ ಚಟ್ನಿಗೆ ತಯಾರಾದ ಹಾಗಿತ್ತು.

ಒಳಗೆ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ವೇದಿಕೆಯ ಮೇಲಿನ ಬ್ಯಾನರಿನಲ್ಲಿ ಪೂವಪ್ಪನವರ ದೊಡ್ಡ ಭಾವಚಿತ್ರ. ಕೊರಳಿಗೆಂದು ತಂದ ಹಾರವನ್ನು ಯಾರೋ ಅವಸರದ ಭಕ್ತರು ಅದಕ್ಕೇ ತೂಗಿಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಅಪ್ಪಿಯತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಸಂಘದ ಅಧ್ಯಕ್ಷ ಶಂಭು ಗದ್ಗದ ಕಂಠದಲ್ಲಿ ಹೇಳುತ್ತಿದ್ದರು: "ಐಸಿಯುವಿನಲ್ಲಿ ಮೃತ್ಯುವಿನೊಡನೆ ಹೋರಾಡುತ್ತಿರುವ ನಮ್ಮ ಪೂವಪ್ಪಣ್ಣ..."

ಗುಣಪಾಲನ ತಲೆಯೊಳಗೆ ಆಗ 'ಫಟ್' ಎಂದಿತು. ಅತ್ತೆಗೆ ಇಸಿಯು ಐಸಿಯುವಾಗಿ ಕೇಳಿಸಿತ್ತು!

ಕೂಗಲು ಬಾಯಿ ತೆರೆದ. ಪೂವಪ್ಪನವರು ಅವನ ರಟ್ಟೆ ಹಿಡಿದು ಹಿಂದಿನ ಸಾಲಿನಲ್ಲಿ ಕೂರಿಸಿ, ತಾವೂ ಕೂತರು. "ಸುಮ್ಮನಿರಿ. ಸ್ವಲ್ಪ ಕೇಳುವಾ."

"ಕೇಳದೆಯೇ ಇನ್ನೊಂದು ಸೌಟು ಸಾಂಬಾರು ಹಾಕಿದ ಅನ್ನದಾತ!" ಎಂದರು ಶಂಭು.

"ಇವನೇ ಹಿಂದೆ ನನ್ನ ಸಾಂಬಾರು ನೀರು ಅಂದಿದ್ದವ" ಎಂದು ಪೂವಪ್ಪನವರು ಪಿಸುಗುಟ್ಟಿದರು. ಆದರೆ ಅವರ ಕಣ್ಣು ತುಂಬಿತ್ತು.

"ಮಾವ, ಅತ್ತೆ ಅಳ್ತಿದ್ದಾರೆ!"

"ನನಗೋಸ್ಕರ ಅವಳು ಅತ್ತದ್ದು ನಾನು ನೋಡೇ ಇಲ್ಲ. ಒಂದು ನಿಮಿಷ."

ಶಂಭು ಕೈ ಮೇಲೆತ್ತಿದರು. "ಅವರು ಗುಣಮುಖರಾಗಿ ಬರಲಿ. ನೌಪಾಡಾದ ಒಂದು ರಸ್ತೆಗೆ ಅವರ ಹೆಸರಿಡಬೇಕೆಂದು ಈ ಸಭೆ ಒತ್ತಾಯಿಸುತ್ತದೆ!"

ಪೂವಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತರು. "ಯಾವ ರಸ್ತೆ ಅಂತಲೂ ಹೇಳಿಬಿಡಿ ಶಂಭು!"

ಸಭೆಯೆಲ್ಲ ಒಟ್ಟಿಗೆ ಹಿಂತಿರುಗಿ ನೋಡಿತು. ಯಾರೋ ಚೀರಿದರು. ಅಪ್ಪಿಯತ್ತೆ ಎದ್ದು ಬಂದು, ಗಂಡನ ಭುಜದಿಂದ ಕೊತ್ತಂಬರಿಯ ಒಂದು ದಂಟನ್ನು ಕಿತ್ತು, ಅದೇ ದಂಟಿನಿಂದ ಅವರ ಎದೆಗೆ ಹೊಡೆದು, ಮತ್ತೆ ಅಳತೊಡಗಿದರು.

ನಗುವಿನ ಮಧ್ಯೆ ಬಾಗಿಲಲ್ಲಿ ಜಯಲತಾ ಕಾಣಿಸಿದಳು. ರಿಕ್ಷಾ ಮಾಡಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಪ್ಪನನ್ನು ಹುಡುಕಿ ಬಂದವಳು. ಚಪ್ಪಲಿಯ ಬಾರು ಹರಿದಿತ್ತು. ಮುಡಿದ ಮಲ್ಲಿಗೆ ಎಲ್ಲೋ ಬಿದ್ದುಹೋಗಿತ್ತು. ಅಪ್ಪನನ್ನು ಕಂಡವಳೇ ಹತ್ತಿರದ ಕುರ್ಚಿಯಲ್ಲಿ ಕುಸಿದಳು. ಗುಣಪಾಲನಿಗೆ ನಗು ಬರಲಿಲ್ಲ. ನೀರಿನ ಲೋಟ ಹಿಡಿದು ಅವಳ ಮುಂದೆ ನಿಂತ.

"ಉಸಿರು ಅಂದ್ರಿ, ಮೈ ಅಂದ್ರಿ, ತಣ್ಣಗಾಗೋದು ಅಂದ್ರಿ" ಎಂದಳು ಜಯಲತಾ. "ಕಾರು ಅಂತ ಒಂದೇ ಒಂದು ಶಬ್ದ ಯಾಕೆ ಹೇಳ್ಲಿಲ್ಲ?"

ಗುಣಪಾಲ ಜ್ಞಾಪಿಸಿಕೊಂಡ. ನಿಜ. ಅದೊಂದನ್ನೇ ಹೇಳಿರಲಿಲ್ಲ.

"ಮಾತಿನಲ್ಲೂ ಉಳಿತಾಯ!" ಎಂದು ಅವಳು ನೀರು ಕುಡಿದಳು.

ಮರುದಿನವೇ ಪುಂಡರೀಕಾಕ್ಷ ಮಹಾಪೆಗೇ ಹೋಗಿ ಹಳೆಯ ಚಿಪ್ಪನ್ನು ಮತ್ತೆ ಕೂರಿಸಿದ. "ಥಿಯರಿ ಸರಿಯೇ ಇತ್ತು. ರಸ್ತೆ ಏರು ಇದ್ದದ್ದೇ ತಪ್ಪು" ಎಂದ. ಕಾರು ಮೊದಲಿನಂತೆ ಗಟಗಟನೆ ಪೆಟ್ರೋಲು ಕುಡಿದು, ಗತ್ತಿನಿಂದ ಓಡತೊಡಗಿತು. ಗುಣಪಾಲ ಮೈಲೇಜಿನ ಸುದ್ದಿ ಎತ್ತುವುದನ್ನೇ ಬಿಟ್ಟ.

ಕೆಲವು ವಾರ ಕಳೆದಿರಬೇಕು. ಸಂಜೆ ಚಹಾ ಕುಡಿಯುವಾಗ ಪೂವಪ್ಪನವರು ಅಳಿಯನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅಳಿಯಂದಿರೇ, ಮುಂದಿನ ತಿಂಗಳು ಕಲ್ಯಾಣದವರೂ ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ."

"ಒಳ್ಳೇದಾಯ್ತು ಮಾವ! ಕಾರು ಈಗ ಫಸ್ಟ್ ಕ್ಲಾಸ್ ಉಂಟು. ಸಮಯಕ್ಕೆ ಸರಿಯಾಗಿ ಮುಟ್ಟಿಸ್ತೇನೆ."

"ಅಲ್ಲ, ಸಮಯಕ್ಕೆ ಸರಿಯಾಗಿ ಹೋದರೆ ಒಂದು ಶಾಲು ಹೊದಿಸಿ ಕಳಿಸ್ತಾರೆ ಅಷ್ಟೆ." ಪೂವಪ್ಪನವರು ಅಳಿಯನ ತೊಡೆಯ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ದಾರಿಯಲ್ಲಿ ಎಲ್ಲಾದರೂ ಸ್ವಲ್ಪ ಹೊತ್ತು ಕೆಟ್ಟು ನಿಲ್ಲುವ ಹಾಗೆ ಮಾಡ್ತೀರಾ? ಆ ಕೆಲಸದಲ್ಲಿ ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಉಂಟು."