ಹೊಟ್ಟೆಯೊಳಗಿನ ಗಂಟು

ಮಕ್ಕಳ ಹೊಟ್ಟೆನೋವು ಒಂಟಿಯಾಗಿ ನನ್ನ ದವಾಖಾನೆಗೆ ಬಂದದ್ದೇ ಇಲ್ಲ. ಅದರ ಹಿಂದೆ ಮನೆಮಂದಿ ಬರುತ್ತಾರೆ, ಅವರ ಹಿಂದೆ ಏನಾದರೊಂದು ತಮಾಷೆ ಬಂದೇ ಬರುತ್ತದೆ. ಐವತ್ತರ ದಶಕದ ಕೊನೆಗೆ ನಾನು ಬಂಟ್ವಾಳದಲ್ಲಿ ಬೋರ್ಡು ಹಾಕಿದಾಗ ಹೊಟ್ಟೆಯೊಳಗೆ ಇಣುಕುವ ಯಂತ್ರ ಇರಲಿಲ್ಲ, ಕೈಬೆರಳೇ ಯಂತ್ರ. ಶೀತ, ಗಂಟಲುನೋವು ಬಂದ ಬೆನ್ನಿಗೆ ಕೆಲವು ಮಕ್ಕಳಿಗೆ ಕರುಳಿನ ಬಳಿಯ ಗ್ರಂಥಿಗಳು ಊದಿಕೊಳ್ಳುತ್ತವೆ. ನೋವು ಥೇಟು ಅಪೆಂಡಿಕ್ಸಿನದೇ. ಗ್ರಂಥಿಯದು ತಾನಾಗಿ ಗುಣವಾಗುತ್ತದೆ, ಅಪೆಂಡಿಕ್ಸಿಗಾದರೆ ಆಪರೇಷನ್ನಿಗೆ ಮಂಗಳೂರಿಗೆ ಓಡಬೇಕು. ಯಾವುದೆಂದು ಹೇಳಬೇಕಾದವನು ನಾನು. ತಪ್ಪಿದರೆ ಮಗುವಿನ ಜೀವ.

ಗಂಟು

ಸಿದ್ಧಕಟ್ಟೆಯ ಹುಡುಗಿಯೊಬ್ಬಳ ಹೊಟ್ಟೆ ಒತ್ತಿ ನೋಡಿ, ಅವಳ ಅಜ್ಜಿಗೆ ಅರ್ಥವಾಗಲೆಂದು, "ಒಳಗೆ ಸಣ್ಣ ಸಣ್ಣ ಗಂಟು ಉಂಟು, ಹೆದರಬೇಡಿ" ಎಂದೆ.

ಅಜ್ಜಿ ಥಟ್ಟನೆ ಸೊಂಟ ಮುಟ್ಟಿ ನೋಡಿಕೊಂಡು ಮೊಮ್ಮಗಳ ಕಡೆ ತಿರುಗಿದರು. "ನನ್ನ ಹೊಗೆಸೊಪ್ಪಿನ ಗಂಟು ನಿನ್ನೆಯಿಂದ ಕಾಣುವುದಿಲ್ಲ. ನುಂಗಿದ್ದು ನೀನಾ?"

ಮಗ್ಗುಲು

ಗುರುವಾಯನಕೆರೆಯ ಅಂಗಡಿಯವರೊಬ್ಬರ ಮಗನನ್ನು ಎಡಮಗ್ಗುಲಿಗೆ ಮಲಗಿಸಿದೆ. ನೋವು ಬಲಕ್ಕೇ ನಿಂತರೆ ಅಪೆಂಡಿಕ್ಸಿನ ಸಂಶಯ. ಜಾಗ ಬದಲಿಸಿದರೆ ಗ್ರಂಥಿಯದಿರಬಹುದು.

"ಈಗೆಲ್ಲಿ ನೋವು?"

"ಇಲ್ಲಿ" ಎಂದು ಹುಡುಗ ಎಡಗಡೆ ತೋರಿಸಿದ. ನನಗೆ ಹೋದ ಜೀವ ಬಂದಂತಾಯಿತು. ತಂದೆಗೆ ನನಗಿಂತ ಖುಷಿ. "ಅಲ್ಲಾಡಿತಲ್ಲ ಡಾಕ್ಟ್ರೇ! ಇನ್ನೊಮ್ಮೆ ಮಗುಚಿ ಹಾಕುವ, ಹೊರಗೇ ಬೀಳ್ತದೆ."

ಸೂಜಿ

ಕೊಕ್ಕಡದಿಂದ ಅಜ್ಜ ಒಬ್ಬರು ಮೊಮ್ಮಗನನ್ನು ಬಾಡಿಗೆ ಕಾರಿನಲ್ಲಿ ಕರೆತಂದರು. ಹುಡುಗ ಮುದುಡಿ ಬಿದ್ದಿದ್ದ. ಸಂಜೆಯವರೆಗೆ ಅಲ್ಲೇ ಮಲಗಿಸಿ, ಮತ್ತೆ ಮತ್ತೆ ಹೊಟ್ಟೆ ಒತ್ತಿ ನೋಡಿದೆ. ಕೊನೆಗೆ ಹೊಟ್ಟೆ ಮೆತ್ತಗಾಯಿತು. ಹುಡುಗ ಗಂಜಿ ಕೇಳಿದ.

"ಗ್ರಂಥಿಯದೇ ಇರಬೇಕು. ಮನೆಯಲ್ಲಿ ಮಲಗಿರಲಿ, ನೀರು, ಗಂಜಿ ಕೊಡಿ. ನೋವು ಜಾಸ್ತಿಯಾದರೆ, ವಾಂತಿಯಾದರೆ ಕೂಡಲೇ ಬನ್ನಿ."

"ಇಂಜೆಕ್ಷನ್?"

"ಬೇಡ."

"ಕಾರು ಮಾಡಿಕೊಂಡು ಬಂದದ್ದು ಮಾರಾಯ್ರೇ! ಸೂಜಿ ಇಲ್ಲದೆ ಹೋದರೆ ಊರಿನವರು ನಗ್ತಾರೆ" ಎಂದ ಅಜ್ಜ ತಮ್ಮದೇ ಅಂಗಿಯ ತೋಳು ಮಡಚಿದರು. "ನನಗಾದರೂ ಕೊಡಿ."

ಅವರಿಗೆ ಕೈಕಾಲು ಜೋಮು ಹಿಡಿಯುತ್ತಿತ್ತಂತೆ. ವಿಟಮಿನ್ ಚುಚ್ಚಿದೆ. ಕೆಲವೇ ದಿನಗಳಲ್ಲಿ ಹುಡುಗ ಚೆಂಡಾಡುತ್ತಿದ್ದ.

ಮುಂದಿನ ವಾರ ಅದೇ ಊರಿನ ತಾಯಿಯೊಬ್ಬಳು ಮಗುವಿನೊಂದಿಗೆ ಬಂದಳು. ಅದಕ್ಕೂ ಹೊಟ್ಟೆನೋವು. ಜೊತೆಗೆ ಅವಳ ತಂದೆ, ಮಾವ. ನಾನು ಮಗುವನ್ನು ಮುಟ್ಟುವ ಮೊದಲೇ ಮುದುಕರಿಬ್ಬರೂ ತೋಳು ಮಡಚಿ ಸಾಲಾಗಿ ನಿಂತರು.

ತಾಯಿ ಕೈಮುಗಿದು ಕೇಳಿದಳು: "ಯಾವ ಅಜ್ಜನಿಗೆ ಚುಚ್ಚಿದರೆ ಬೇಗ ಗುಣ ಆಗ್ತದೆ ಡಾಕ್ಟ್ರೇ?"