ಬಂಪರ್ ಮೇಲಿನ ಆಶೀರ್ವಾದ

ನನ್ನ ಹೆಸರಿನಲ್ಲಿ, ನನ್ನನ್ನು ಕೇಳದೆ, ಏನಾದರೊಂದು ನಡೆದುಹೋಗುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚು ಹಾಕಿಸಿ ಆಮೇಲೆ ನನಗೆ ತೋರಿಸುತ್ತಾರೆ. ಓಣಿಯ ಮಹಿಳಾ ಮಂಡಳದಲ್ಲಿ ನನ್ನನ್ನು ಅಧ್ಯಕ್ಷೆಯನ್ನಾಗಿ ಆರಿಸಿ ಆಮೇಲೆ ಫೋನ್ ಮಾಡುತ್ತಾರೆ. ಅದಕ್ಕೇ ನಾನು ಕಲಬುರಗಿಯಲ್ಲಿ ಬಿ.ಎ. ಮುಗಿಸಿ ಗಡಿಯಾಚೆ ಮರಾಠಿ ಸೀಮೆಯ ಉದಗೀರಕ್ಕೆ ಸೊಸೆಯಾಗಿ ಬಂದ ದಿನದಿಂದ ವಹಿ ಬರೆದಿಡುತ್ತೇನೆ. ಯಾರು ಏನು ಕೇಳಿದರು, ನಾನು ಏನು ಹೇಳಿದೆ, ಆಗ ಅಲ್ಲಿ ಯಾರಿದ್ದರು, ಎಲ್ಲವೂ ಅದರಲ್ಲಿದೆ. ಕೆಳಗಿನದೆಲ್ಲ ಆ ವಹಿಯಿಂದ ತೆಗೆದದ್ದು. ಓದಿದವರು ನಗುತ್ತಾರೆ. ಬರೆಯುವಾಗ ನನಗೇನೂ ನಗು ಬಂದಿರಲಿಲ್ಲ.

೧. ತೆಂಗಿನಕಾಯಿ ಹೋಳು

ನನ್ನ ಮಗನಿಗೆ ಮೂವತ್ತಾರು ವರ್ಷ. ದಾಲ್ ಮಿಲ್ ನಡೆಸುತ್ತಾನೆ, ಎರಡು ಮಕ್ಕಳ ತಂದೆ. ಇಂಥವನು ಒಂದು ಮುಂಜಾನೆ ಪುಣೆಯಿಂದ ಕೆಂಪು ಸ್ಪೋರ್ಟ್ಸ್ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಯಾರೋ ಓಡಿಸಿ ಬೇಸರವಾಗಿ ಬಿಟ್ಟ ಗಾಡಿ. ಎರಡೇ ಬಾಗಿಲು, ಎರಡೇ ಸೀಟು. ಮನೆಯಲ್ಲಿ ನಾವು ಐದು ಜನ.

"ಉಳದ ಮೂರು ಮಂದಿ ಎಲ್ಲಿ ಕೂಡಬೇಕೋ?"

"ಅವ್ವಾ, ಇದು ಕೂಡೂ ಗಾಡಿ ಅಲ್ಲ. ಓಡ್ಸೂ ಗಾಡಿ."

ಒಮ್ಮೆ ಕೂತು ನೋಡು ಎಂದು ಜುಲುಮೆ ಮಾಡಿದ. ಕೂತೆ. ಪಂಗತಿಯಲ್ಲಿ ಊಟಕ್ಕೆ ಕೂತಷ್ಟು ಕೆಳಗೆ ಹೋದೆ. ಏಳಲು ಆಗಲಿಲ್ಲ. ಸೊಸೆ ಒಂದು ಕೈ, ಪಕ್ಕದ ಮನೆಯಾಕೆ ಇನ್ನೊಂದು ಕೈ ಹಿಡಿದು, ಬಾವಿಯಿಂದ ಕೊಡ ಸೇದುವಂತೆ ನನ್ನನ್ನು ಮೇಲೆತ್ತಿದರು. ನೆಟ್ಟಗೆ ನಿಂತವಳೇ ಹೇಳಿದೆ: "ಈ ಗಾಡಿಗಿ ನನ್ನ ಒಪ್ಪಿಗಿ ಇಲ್ಲ." ವಹಿಯಲ್ಲೂ ಬರೆದೆ. ಮಂಗಳವಾರ, ಮುಂಜಾನೆ ಹನ್ನೊಂದು ಗಂಟೆ, ಸಾಕ್ಷಿ ಸೊಸೆ.

ಗಾಡಿಯ ಪೂಜೆ ಅವನೇ ಮಾಡಿಕೊಂಡ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ, ಮುಂದೆ ತೆಂಗಿನಕಾಯಿ ಒಡೆದ. ಗಾಡಿ ನಿಂಬೆಹಣ್ಣು ದಾಟಿತು. ಆದರೆ ಕಾಯಿಯ ಹೋಳು ಅದರ ಹೊಟ್ಟೆಗೆ ತಾಗಿ ಕರ್ರ್ ಎಂದು ಸದ್ದಾಯಿತು.

"ಕಾಯಿ ಹೋಳು ದಾಟ್ಲಿಕ್ಕ ಬರದ್ದು, ಉದಗೀರದ ರಸ್ತಿ ದಾಟ್ತದೇನೋ?" ಎಂದೆ. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

೨. ಮೂರು ಸೈಜಿನ ತಾಯಿ

ಮೂರನೇ ದಿನ ಗಾಡಿಯ ಹಿಂದಿನ ಬಂಪರ್ ನೋಡಿ ನನ್ನ ಮೈಯೆಲ್ಲ ಉರಿಯಿತು. ಅಲ್ಲಿ ಕಂಪನಿಯ ಹೆಸರು ಅಚ್ಚೊತ್ತಿದಂತೆ ತಗ್ಗಾಗಿ ಇತ್ತು. ಮಗ ಆ ತಗ್ಗಿಗೆಲ್ಲ ಪುಟ್ಟಿ ತುಂಬಿಸಿ, ಬಣ್ಣ ಹೊಡೆಸಿ, ಅದರ ಮೇಲೆ ಬೆರಳುದ್ದದ ಸ್ಟೀಲ್ ಅಕ್ಷರ ಅಂಟಿಸಿಕೊಂಡು ಬಂದಿದ್ದ. ಮರಾಠಿಯಲ್ಲಿ, ‘ಆಯೀಚಾ ಆಶೀರ್ವಾದ’. ತಾಯಿಯ ಆಶೀರ್ವಾದ!

"ನಾ ಯಾವಾಗ ಕೊಟ್ಟೆನೋ?"

"ಎಲ್ಲಾರೂ ಬರಸ್ತಾರ ಅವ್ವಾ. ಬರಸದಿದ್ರ ಗಾಡಿ ಅನಾಥ ಕಾಣ್ತದ."

ವಹಿ ತಿರುವಿ ನೋಡಿದೆ. ನಾನು ಆಶೀರ್ವಾದವನ್ನು ಬೀದಿಯಲ್ಲಿ ಚೆಲ್ಲುವವಳಲ್ಲ. ಯಾರಿಗೆ, ಯಾವ ಕಾರಣಕ್ಕೆ ಕೊಟ್ಟೆ ಎಂಬುದು ಬರೆದಿರುತ್ತದೆ. ಈ ಗಾಡಿಯ ಹೆಸರಿನಲ್ಲಿ ಇದ್ದದ್ದು ‘ಒಪ್ಪಿಗೆ ಇಲ್ಲ’ ಎಂಬ ಒಂದೇ ಸಾಲು. ಮುಂದಿನ ತಿಂಗಳು ನನ್ನ ತವರು ಉಮರ್ಗಾದಲ್ಲಿ ತಮ್ಮನ ಮಗಳ ಮದುವೆ. ಮನೆತನಕ್ಕೆ ಹಿರಿಯಳು ನಾನು, ಮದುಮಕ್ಕಳ ಮೇಲೆ ಬೀಳುವ ಮೊದಲ ಅಕ್ಕಿಕಾಳು ನನ್ನದು. ಅಲ್ಲಿಗೆ ಈ ಸುಳ್ಳು ಹೊತ್ತ ಗಾಡಿ ಬಂದರೆ ನನ್ನ ಮಾತಿಗೆ ಏನು ಬೆಲೆ? ಅಷ್ಟರೊಳಗೆ ಆ ಅಕ್ಷರ ಕಿತ್ತಿಸಲೇಬೇಕು ಎಂದು ನಿಶ್ಚಯಿಸಿ ರೇಡಿಯಂ ಅಂಗಡಿಗೆ ನಡೆದೆ. ಗಾಡಿಗಳ ಮೇಲೆ ಹೆಸರು ಅಂಟಿಸುವ ಅಂಗಡಿಗೆ ನಮ್ಮಲ್ಲಿ ಹಾಗೆ ಅನ್ನುತ್ತಾರೆ.

"ತಾಯಿನ್ನ ಕೇಳದ ತಾಯಿ ಆಶೀರ್ವಾದ ಹ್ಯಾಂಗ ಅಂಟಸ್ದಿ?" ಎಂದು ಕೇಳಿದೆ.

ಅಂಗಡಿಯಾತ ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದ. "ಇಷ್ಟ ವರ್ಷ ಆತು ಆಯೀ, ಒಬ್ಬ ತಾಯೀನೂ ಬಂದು ಕೇಳಿಲ್ಲ." ಒಂದು ಖಾನೆ ಎಳೆದು ತೋರಿಸಿದ. ಬೈಕಿಗೆ ಸಣ್ಣದು, ಕಾರಿಗೆ ನಡುವಿನದು, ಲಾರಿಗೆ ದೊಡ್ಡದು. ಮೂರು ಸೈಜಿನಲ್ಲಿ ತಾಯಿಯ ಆಶೀರ್ವಾದ ಕತ್ತರಿಸಿಟ್ಟಿದ್ದ. "ತಂದೀದು ಯಾರೂ ಒಯ್ಯೂದಿಲ್ಲ ಆಯೀ, ಧೂಳ ತಿಂದು ಬಿದ್ದದ."

"ನನ್ನದು ತಗದ ಹಾಕು."

"ತೆಗೀಲಿಕ್ಕ ಮಾಲಕರ ಸಹಿ ಬೇಕು. ಆರ್‌ಸಿ ಬುಕ್ ಯಾರ ಹೆಸರಲೆ ಅದ?"

ಮಗನ ಹೆಸರಲ್ಲಿ. ಆಶೀರ್ವಾದ ನನ್ನದು, ಅದನ್ನು ವಾಪಸು ಪಡೆಯುವ ಹಕ್ಕು ಮಾತ್ರ ಅವನದು!

೩. ನಿಲಂಗಾದಿಂದ ಫೋನ್

ಅಂದಿನಿಂದ ಗಾಡಿ ಮಾಡಿದ ಪಾಪವೆಲ್ಲ ನನ್ನ ತಲೆಗೆ. ಔರಾದ ಶಹಾಜನಿಯ ಬೀಗರ ಮನೆಯಾಕೆ ಫೋನ್ ಮಾಡಿದಳು. "ಅಕ್ಕಾರ, ನಿಮ್ಮ ಆಶೀರ್ವಾದ ಈಗ ನಮ್ಮ ಸೋಯಾಬೀನ್ ಮ್ಯಾಲೆ ಹಾದು ಹೋತರಿ." ರಸ್ತೆ ಬದಿ ಒಣಹಾಕಿದ್ದ ಕಾಳಿನ ಮೇಲೆ ಮಗ ಗಾಡಿ ಹಾಯಿಸಿಕೊಂಡು ಹೋಗಿದ್ದ. ಕಾಳು ಗಟಾರಕ್ಕೆ ಸಿಡಿದಿತ್ತು. ಕ್ಷಮೆ ಕೇಳಿದವಳು ನಾನು.

ಆ ವಾರವೇ ನಿಲಂಗಾದಿಂದ ಇನ್ನೊಂದು ಫೋನ್. ಪೊಲೀಸಪ್ಪ. ಮರಾಠಿ, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದ.

"ಆಯೀ, ತಬಿಯತ್ ಹ್ಯಾಂಗ ಅದ?"

"ನನಗೇನಾಗ್ಯಾದಪ್ಪಾ? ಜೋಳ ಹಸನ ಮಾಡ್ಲತ್ತೀನಿ."

"ನಿಮ್ಮ ಮಗ ಜೋರ್ ಗಾಡಿ ಹೊಡ್ಕೊಂಡು ಬಂದಾನ. ಕೇಳಿದ್ರ, ಅವ್ವಗ ಉಸಿರ ಹತ್ಯಾದ, ಲಗೂನೆ ಹೋಗಬೇಕು ಅಂತಾನ. ಗಾಡಿ ಮ್ಯಾಲೆ ನಿಮ್ಮ ಆಶೀರ್ವಾದಾನೂ ಅದ. ಹಂಗಾಗಿ ಒಂದು ಮಾತು ಕೇಳಿ ಬಿಡೋಣಂತ..."

ಜೋಳದ ಮೊರ ಪಕ್ಕಕ್ಕಿಟ್ಟೆ. ಗಟ್ಟಿಮುಟ್ಟಾಗಿ ಕೂತಿರುವಾಗಲೇ ನನಗೆ ಸಾಯುವ ಉಸಿರು ಹತ್ತಿಸಿದನಲ್ಲ! "ಬಿಡಬ್ಯಾಡ. ಎರಡು ಚಲನ್ ಹರಿ. ಒಂದು ಜೋರ್ ಹೊಡದದ್ದಕ್ಕ, ಒಂದು ಸುಳ್ಳ ಹೇಳಿದ್ದಕ್ಕ."

"ಸುಳ್ಳಿಗಿ ಚಲನ್ ಇಲ್ಲ ಆಯೀ," ಎಂದ ಆ ಪುಣ್ಯಾತ್ಮ. "ಇದ್ದಿದ್ರ ನಮಗ ರಸ್ತೇದಾಗ ನಿಲ್ಲೂ ಜರೂರತ್ತೇ ಇರ್ತಿರಲಿಲ್ಲ. ಊರೆಲ್ಲ ಸ್ಟೇಷನ್ನಿಗೇ ಬಂದು ಪಾಳಿ ಹಚ್ಚತಿತ್ತು."

೪. ಎರಡನೇ ಸಾಲು

ಮದುವೆಗೆ ಎಂಟು ದಿನ ಉಳಿದಿತ್ತು. ಮಗ ಅಕ್ಷರ ತೆಗೆಸಲಿಲ್ಲ. ನಾನೇ ಬಿಸಿನೀರು ಸುರಿದು, ಗಟ್ಟಿ ದಾರ ಹಾಕಿ ಎಳೆದು ನೋಡಿದೆ. ದಾರ ಹರಿಯಿತು, ಅಕ್ಷರ ಅಲುಗಲಿಲ್ಲ. ತಿರುಗಿ ರೇಡಿಯಂ ಅಂಗಡಿಗೆ ಹೋದೆ.

"ತೆಗೀಲಿಕ್ಕ ಸಹಿ ಬೇಕು ಅಂದಿ. ಅಂಟಸ್ಲಿಕ್ಕ?"

"ಅಂಟಸ್ಲಿಕ್ಕ ಯಾರೂ ಏನೂ ಕೇಳೂದಿಲ್ಲ ಆಯೀ."

"ಹಂಗಾದ್ರ ಬಾ ಮನಿಗಿ."

ರವಿವಾರ ಮಧ್ಯಾಹ್ನ ಮಗ ಉಂಡು ಮಲಗಿದ್ದ. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತೆ, ಆತ ಅಂಟಿಸಿದ. ಮೇಲಿನ ಸಾಲಿನಷ್ಟೇ ದೊಡ್ಡ ಅಕ್ಷರ, ಅದೇ ಸ್ಟೀಲು. ‘ಆಯೀಚಾ ಆಶೀರ್ವಾದ’ದ ಕೆಳಗೆ ‘ಆಯೀಲಾ ವಿಚಾರಲಂ ನಾಹೀ’. ತಾಯಿಯನ್ನು ಕೇಳಿಲ್ಲ.

ಮಗ ಮೂರು ದಿನ ನೋಡಲೇ ಇಲ್ಲ. ತಾನು ಕೂತ ಗಾಡಿಯ ಹಿಂಭಾಗ ತನಗೆಲ್ಲಿ ಕಾಣಬೇಕು? ಹಿಂದೆ ಬರುವವರೆಲ್ಲ ಹಾರ್ನ್ ಹೊಡೆದು, ನಕ್ಕು, ಕೈ ಬೀಸಿ ಹೋಗುತ್ತಿದ್ದರಂತೆ. ಬುಧವಾರ ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ: "ಗಾಡಿ ಅಂದ್ರ ಹಿಂಗಿರಬೇಕು ನೋಡು. ಊರ ಮಂದೆಲ್ಲ ನಮಸ್ಕಾರ ಮಾಡ್ಲತ್ಯಾರ!"

೫. ಉಮರ್ಗಾದ ಮಂಟಪ

ಮದುವೆಗೆ ನಾನು ಬಸ್ಸಿನಲ್ಲಿ ಹೋದೆ. ಅಷ್ಟರಲ್ಲಿ ಎರಡನೇ ಸಾಲು ನೋಡಿ ಮುಖ ಊದಿಸಿಕೊಂಡಿದ್ದ ಮಗ ಗಾಡಿಯಲ್ಲೇ ಬಂದ. ತೆಗೆಸಲು ಪುರುಸೊತ್ತು ಸಿಕ್ಕಿರಲಿಲ್ಲವಂತೆ. ಮಂಟಪದ ಬಾಗಿಲಿಗೇ ನಿಲ್ಲಿಸಿದ. ಬೀಗರು ಬಂದವರೆಲ್ಲ ಮೊದಲು ಬಂಪರ್ ಓದಿ, ಆಮೇಲೆ ಒಳಗೆ ಬಂದು ನನ್ನ ಮುಖ ನೋಡಿದರು.

"ಅಕ್ಕಾ, ಎರಡರಾಗ ಖರೇದು ಯಾವುದು?" ತಮ್ಮ ಕೇಳಿದ.

"ಕೆಳಗಿಂದು."

ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಮಗನಿಗೆ ಅವಮಾನವಾಯಿತೋ ಹಟ ಬಂದಿತೋ, ಸೀದಾ ಬಂದು ಎಲ್ಲರ ಮುಂದೆ ನನ್ನ ಕಾಲು ಹಿಡಿದ. "ಕೇಳಿಲ್ಲ ಅಂತೀಯಲ್ಲ ಅವ್ವಾ, ಈಗ ನಾಕು ಮಂದ್ಯಾಗ ಕೇಳ್ತೀನಿ. ಗಾಡಿ ಇಟಗೊಳ್ಳಲೇನು?"

ಬ್ಯಾಂಡಿನವರು ಸಹ ಊದುವುದು ನಿಲ್ಲಿಸಿದರು. ಕೈಯಲ್ಲಿ ಅಕ್ಕಿಕಾಳು ಹಿಡಿದಿದ್ದೆ. ಅದನ್ನು ಮದುಮಕ್ಕಳ ಮೇಲೆ ಹಾಕಿ ಅವನ ಕಡೆ ತಿರುಗಿದೆ.

"ಬ್ಯಾಡ."

ನನ್ನ ಮಾತು ಗೆದ್ದಿತು ಎಂದುಕೊಂಡು ಎರಡು ಹೋಳಿಗೆ ಹೆಚ್ಚಿಗೆ ತಿಂದೆ. ಮರುದಿನ ಉದಗೀರಕ್ಕೆ ಬಂದು ನೋಡುತ್ತೇನೆ, ಗಾಡಿ ಅಂಗಳದಲ್ಲೇ ಇದೆ, ನನ್ನ ಸಾಲು ಮಾತ್ರ ಇಲ್ಲ.

"ಯಾಕ ಕಿತ್ತಿಸ್ದಿ?"

"ಈಗ ಕೇಳೀನಲ್ಲ ಅವ್ವಾ. ಕೇಳಿದ ಮ್ಯಾಲೂ ಕೇಳಿಲ್ಲ ಅಂತ ಬರ್ಕೊಂಡು ತಿರಗೂದು ಸುಳ್ಳ ಆಗೂದಿಲ್ಲೇನು?"

ರೇಡಿಯಂನವನನ್ನು ಆ ಮಧ್ಯಾಹ್ನವೇ ಕರೆಸಿದೆ. ಹೊಸ ಸಾಲು: ‘ಆಯೀ ನಾಹೀ ಮ್ಹಣಾಲೀ’. ತಾಯಿ ಬೇಡ ಅಂದಿದ್ದಾಳೆ. ಆತ ಅಳತೆಪಟ್ಟಿ ಹಿಡಿದು ಅಂದ: "ಒಂದೀಟು ಮ್ಯಾಲಕ್ಕ ಅಂಟಸ್ತೀನಿ ಆಯೀ. ನಿಮ್ಮಿಬ್ಬರದು ಇನ್ನಾ ಮುಗದಂಗ ಕಾಣೂದಿಲ್ಲ, ಕೆಳಗ ಜಾಗಾ ಇರಲಿ."

೬. ಜಳಕೋಟದಾಕೆ

ಆ ಎರಡು ಸಾಲು ಹೊತ್ತುಕೊಂಡು ಗಾಡಿ ಏಳು ತಿಂಗಳು ತಿರುಗಿತು. ನಾನು ದಿನಾ ಬೇಡ ಅಂದೆ, ಅವನು ದಿನಾ ‘ಹೂಂ’ ಅಂದು ಕೀಲಿ ತೆಗೆದುಕೊಂಡು ಹೋದ. ನಡುವೆ ಒಮ್ಮೆ ಹೊಲದ ಬದುವಿಗೆ ಗುದ್ದಿ ಹಣೆ ಒಡೆದುಕೊಂಡು ಬಂದ. ನಾಲ್ಕು ಹೊಲಿಗೆ ಬಿದ್ದವು. ಅಂದಿನಿಂದ ಗಾಡಿಯ ಸದ್ದು ಗೇಟಿನಲ್ಲಿ ಕೇಳುವವರೆಗೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಿರಲಿಲ್ಲ, ವಹಿಯಲ್ಲಿ ಮಾತ್ರ ಬರೆದೆ.

ಒಂದು ಮುಂಜಾನೆ ಗುರುತಿಲ್ಲದ ಹೆಣ್ಣುಮಗಳು ಗೇಟು ತೆರೆದು ಬಂದಳು. ಜಳಕೋಟದವಳು, ನನ್ನದೇ ವಯಸ್ಸು, ಹಣೆ ತುಂಬ ವಿಭೂತಿ. ಹಿಂದೆ ಮೀಸೆ ಹೊತ್ತ ಮಗ.

"ಗಾಡಿ ಮ್ಯಾಲೆ ಬ್ಯಾಡ ಅಂತ ಬರಸಿದ ತಾಯಿ ನೀವೇ ಏನ್ರೀ?"

"ನಾನೇ."

"ಇವಂಗೂ ಇಂಥಾದೇ ಗಾಡಿ ಬೇಕಂತ. ಅಂದು ಅಂದು ನನ್ನ ಗಂಟಲ ಹರದದ. ನೀವು ಒಂದು ಮಾತು ಅಂದು ನೋಡ್ರಿ."

ನಾನು ಆ ಹುಡುಗನ ಮುಖ ನೋಡಿ ಅಂದೆ: "ಬ್ಯಾಡಪ್ಪಾ."

ಅವನು ಬಗ್ಗಿ ನನ್ನ ಕಾಲು ಮುಟ್ಟಿದ. "ಆತ್ರೀ ಆಯೀ." ಅಷ್ಟೇ! ಮುಗಿಯಿತು! ಅವನ ತಾಯಿ ಮಗನ ಬೆನ್ನಿಗೆ ಒಂದು ಗುದ್ದಿದಳು. "ವರ್ಷಗಟ್ಲೆ ನಾ ಅಂದದ್ದು ಏನು ಭಜನೀ ಹಾಡೇನೋ?"

ನಾನು ಆಕೆಯನ್ನು ಕೈ ಹಿಡಿದು ಕೂರಿಸಿ, ಒಳಗಿದ್ದ ನನ್ನ ಮಗನನ್ನು ಕರೆದೆ. "ನಿಮ್ಮವನಿಗೆ ನಾ ಅಂದೆ. ನಮ್ಮವನಿಗೆ ನೀವು ಅನ್ರಿ."

ಆಕೆ ಸೆರಗು ಸರಿಮಾಡಿಕೊಂಡಳು. "ಯಪ್ಪಾ, ಆ ಗಾಡಿ ಮಾರಿಬಿಡು."

ಮಗ ತಲೆ ತಗ್ಗಿಸಿದ. "ಆತ್ರೀ ಅಮ್ಮಾರ."

ಅವರು ಹೋದ ಮೇಲೆ ನಾನು ಕೂಗಾಡಿದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತಂತೆ. "ಎಂಟು ತಿಂಗಳಿಂದ ನಾ ಅಂದದ್ದು ನಿನ್ನ ಕಿವ್ಯಾಗ ಹೋಗಿಲ್ಲೇನು? ಆಕಿ ಯಾರು? ನಿನಗೇನಾಗಬೇಕು?"

"ನೀ ಮನೀಕಿ ಅವ್ವಾ, ದಿನಾ ಅಂತಿ," ಎಂದ ಮಗ ಶಾಂತವಾಗಿ. "ಅವರು ಹಿರೇರು, ಬಾಗಲಿಗಿ ಬಂದು ಕೇಳ್ಯಾರ. ಇಲ್ಲ ಅಂತ ಹ್ಯಾಂಗ ಅನ್ಲಿ?"

ಮರುದಿನ ಹಳೆಯ ಎರಡೂ ಸಾಲು ಕಿತ್ತು, ಗಾಡಿ ಮಾರಾಟಕ್ಕಿದೆ ಎಂದು ಹೊಸದಾಗಿ ಅಂಟಿಸಿ, ಮೊಂಢಾ ಎನ್ನುವ ಕಾಳಿನ ಪೇಟೆಯ ಎದುರಿಗೆ ನಿಲ್ಲಿಸಿದ. ನೋಡಲು ಹೋದೆ. ‘ವಿಕಣೇ ಆಹೇ’ ಎಂಬ ದೊಡ್ಡ ಅಕ್ಷರದ ಕೆಳಗೆ, ಅದೇ ಸ್ಟೀಲಿನಲ್ಲಿ, ಇನ್ನೊಂದು ಸಾಲು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು: ‘ಜಳಕೋಟಚ್ಯಾ ಆಯೀಚಾ ಆದೇಶ’.

ಎಂಟು ತಿಂಗಳು ಗಂಟಲು ಹರಿದುಕೊಂಡವಳು ನಾನು. ಬಂಪರ್ ಮೇಲೆ ಆದೇಶ ಜಳಕೋಟದಾಕೆಯದು!